ಆರನೇ ಕಂತಿನ ಕೊನೆಗೆ

ಗೋಣಿಕೊಪ್ಪದ ಸುಬೈರ್ ಕ್ಯಾಸೆಟ್ಟಿನ ಐದೂ ತಿರುಪು ಬಿಚ್ಚಿ
ಬೆಳಕಿಗೆ ಹಿಡಿದ. ರೀಲಿನ ಅಂಚಿಗೆಲ್ಲ ಬೂಷ್ಟು,
ಅಕ್ಕಿಹಿಟ್ಟು ಉದುರಿದ ಹಾಗೆ.
'ನಮ್ಮ ಕಡೆ ಟೇಪುಗಳೆಲ್ಲ ಹೀಗೇ,' ಅಂದ,
'ಮೂವತ್ತು ಮಳೆಗಾಲ ಕುಡಿದಿವೆ.'
ಹತ್ತಿಗೆ ಸ್ಪಿರಿಟ್ ಅದ್ದಿ ಗೇಣು ಗೇಣಾಗಿ ಒರೆಸಿದ, ಎರಡು ಮಧ್ಯಾಹ್ನ.

ಈಗ ವಿರಾಜಪೇಟೆಯಲ್ಲಿ, ಎರವಲು ತಂದ ವಿಸಿಆರಿನೊಳಗೆ
ಅದು ಗಂಟಲು ಸರಿಮಾಡಿಕೊಳ್ಳುತ್ತಿದೆ.
ಗೆರೆ, ಗೆರೆ, ಒಂದು ನಡುಕ,
ಆಮೇಲೆ ನೌಕೆ.

ಅಯ್ಯೋ, ಎಷ್ಟು ಪುಟ್ಟದು!
ದಾರ ಕಾಣಿಸುತ್ತದೆ. ನಕ್ಷತ್ರಗಳು ಕಪ್ಪು ಬಟ್ಟೆಯ ತೂತುಗಳು,
ಹಿಂದೆ ಯಾರೋ ನಡೆದರೆ ಒಂದೊಂದೇ ಆರಿ ಹೊತ್ತುತ್ತವೆ.
ಕಪ್ತಾನನ ತಲೆಗೆ ಬೆಳ್ಳಿ ಬಣ್ಣ ಬಳಿದ ಸ್ಕೂಟರ್ ಹೆಲ್ಮೆಟ್ಟು.
ಹತ್ತು ವರ್ಷದ ನನಗೆ ಇದು ಕಂಡಿರಲಿಲ್ಲವೋ,
ಕಂಡೂ ಹೋಗಲಿ ಅಂದಿದ್ದೆನೋ.
ಶುಕ್ರವಾರ ರಾತ್ರಿ, ಅರ್ಧ ಅರ್ಥವಾಗುವ ಹಿಂದಿ,
ಉಳಿದರ್ಧ ನಾನೂ ಪೊನ್ನುವೂ ತುಂಬಿಕೊಂಡದ್ದು.

ಮುತ್ತಕ್ಕಿ ಚಿಕ್ಕಮ್ಮ ಮೊರದಲ್ಲಿ ಕರಿಮೆಣಸಿನ ತೊಟ್ಟು ಆರಿಸುತ್ತ
ಕನ್ನಡಕದ ಮೇಲಿಂದ ನೋಡುತ್ತಾಳೆ.
'ಮೂರನೇ ಕಂತಲ್ಲೂ ಇವನದು ಇದೇ ಷರ್ಟು.'
ರೆಕಾರ್ಡ್ ಮಾಡಿದವಳು ಅವಳೇ, ಮೊಣಕಾಲೂರಿ ಕೂತು,
ಜಾಹೀರಾತು ಬಂದರೆ ತಡೆದು, ಹೋದರೆ ಬಿಟ್ಟು.
ಕರೆಂಟು ಹೋದಷ್ಟು ಹೊತ್ತು ಕತೆಯೂ ಹೋಯಿತು.

ಆರನೇ ಕಂತು. ನೌಕೆ ಇಳಿದಿದೆ.
ಕಪ್ತಾನ ಮುಳ್ಳು ನೋಡಿ ಹೇಳುತ್ತಾನೆ:
ಇಲ್ಲಿ ಗಾಳಿ ಇದೆ. ಉಸಿರಾಡಬಹುದು.
ಬಾಗಿಲು ಸರಿಯುತ್ತದೆ, ಹೊಗೆ, ಹೊಗೆಯೊಳಗಿಂದ ಒಂದು ಕಾಲು

ಟಕ್.

ಕೆಂಪು. ವಾಲಗ.
ಕುಪ್ಪಸ ತೊಟ್ಟ ಗಂಡಸರು ಕೈಯೆತ್ತಿ ಕುಣಿಯುತ್ತಿದ್ದಾರೆ,
ಬಾವಿಯಿಂದ ಮನೆಗೆ ನೂರಡಿ ದಾರಿ, ಅದಕ್ಕೆ ಅಡ್ಡಗಟ್ಟಿ.
ಮಧ್ಯೆ ಮದುಮಗಳು, ತಲೆಯ ಮೇಲೆ ಕೊಡ,
ಒಂದು ಹೆಜ್ಜೆ, ನಿಂತು, ಅರ್ಧ ಹೆಜ್ಜೆ,
ಭಾರವೇ ಇಲ್ಲದ ನೆಲದಲ್ಲಿ ನಡೆವವರ ಹಾಗೆ.
ಹನಿಯೊಂದು ಕೆನ್ನೆಗಿಳಿದರೂ ಒರೆಸುವಂತಿಲ್ಲ.
ಇಪ್ಪತ್ತೆರಡರ ಮುತ್ತಕ್ಕಿ.

ನಾವಿಬ್ಬರೂ ಆಗ ನಂಬಿದ್ದೆವು, ಆ ಗ್ರಹದವರು ಇವರೇ.
ಅಲ್ಲೂ ಪೀಚೆಕತ್ತಿ ಇದೆ. ಅಲ್ಲಿ ಹೊಸಬರು
ಒಳಗೆ ಬರಬೇಕಾದರೆ ನೀರು ಹೊರಬೇಕು,
ಯಾರೂ ಬೇಗ ದಾರಿ ಬಿಡುವುದಿಲ್ಲ.
ಕೊಡ ಹೊತ್ತವಳಿಗೆ ಪೊನ್ನು ಒಂದು ಹೆಸರೂ ಇಟ್ಟಿದ್ದಳು;
ಅದನ್ನು ಚಿಕ್ಕಮ್ಮನೆದುರು ಹೇಳಿ ಏಟು ತಿಂದದ್ದು ನಾನು.

ಎರಡು ವರ್ಷಕ್ಕೆ ಅವಳು ಪೆಟ್ಟಿಗೆ ಸಮೇತ ವಾಪಸು ಬಂದಿದ್ದಳು.
ಯಾರೂ ಅಳಿಸದಿರಲೆಂದು ಮುರಿದಿದ್ದ ಕ್ಯಾಸೆಟ್ಟಿನ ಚಕ್ಕೆ,
ಆ ತೂತಿಗೆ ಗಮ್‌ಟೇಪು ಅಂಟಿಸಿದ್ದು ಇನ್ನೂ ಹಾಗೇ ಇದೆ,
ಹಳದಿಯಾಗಿ, ಹೆಬ್ಬೆರಳ ಗುರುತಿನೊಂದಿಗೆ.

ಹದಿಮೂರೂ ಕಂತು ಈಗ ಡಿವಿಡಿಯಲ್ಲಿ ಸಿಗುತ್ತವೆ.
ಒಬ್ಬನೇ ನೋಡಿದ್ದೇನೆ. ಆ ಬಾಗಿಲಿನಾಚೆ
ಥರ್ಮೊಕೋಲಿನ ಬಂಡೆ, ಹಸಿರು ಬಲ್ಬು,
ಗಡ್ಡದ ಮುದುಕನೊಬ್ಬ ಶಾಂತಿಯ ಬಗ್ಗೆ ಮಾತಾಡುತ್ತಾನೆ.
ಬಹಳ ಹೊತ್ತು ಮಾತಾಡುತ್ತಾನೆ.

'ಏಳನೇ ಕಂತಿಗೂ ಟೇಪಲ್ಲಿ ಜಾಗ ಇತ್ತಲ್ಲ ಚಿಕ್ಕಮ್ಮ?'
'ಇತ್ತು.'
ಮೊರ ಕೇರಿದಳು. ಧೂಳು ಕಿಟಕಿಯ ಬಿಸಿಲಿಗೆ ಎದ್ದಿತು.
ಪರದೆಯಲ್ಲಿ ಅವಳಿನ್ನೂ ಹೊಸ್ತಿಲು ಮುಟ್ಟಿಲ್ಲ,
ಅಷ್ಟರಲ್ಲೇ ರೀಲು ಮುಗಿದು ನೀಲಿ.

'ಹಿಂದಕ್ಕೆ ಸುತ್ತು,' ಅಂದಳು, 'ಆರಿಸಬೇಡ, ಚಿತ್ರ ಕಾಣಲಿ.'

ಸೊರ್ರೆಂದು ಕುಣಿತ ಬಿಚ್ಚಿಕೊಂಡಿತು, ಗಂಡಸರು
ಹಿಮ್ಮುಖವಾಗಿ ದಾರಿ ಬಿಟ್ಟರು, ಹನಿ ಕೆನ್ನೆಯಿಂದ ಕೊಡಕ್ಕೇರಿತು,
ಅವಳು ಬಾವಿಯ ಕಡೆ, ಬೇಗ, ಯಾರ ಅಡ್ಡಿಯೂ ಇಲ್ಲದೆ,
ಆಮೇಲೆ ಕಾಲು, ಹೊಗೆ,
ಹೊಗೆಯನ್ನು ಒಳಗೆಳೆದುಕೊಂಡು ಮುಚ್ಚಿದ ಬಾಗಿಲು.

'ಮೆಣಸು ಈ ಸಲ ಸಣ್ಣ,' ಅಂದಳು ಚಿಕ್ಕಮ್ಮ.