ಲೇಶ

ಬೆಳಗ್ಗೆ ಎಂಟೂವರೆಗೆ ಮಲ್ಪೆ ಬಂದರು ಕಚೇರಿಯ ಹಿಂದೆ
ಮಳೆ ಅಳೆಯುವುದು ನನ್ನ ಕೆಲಸ.
ಆಟಿಯಲ್ಲಿ ಅದೊಂದು ಉದ್ಯೋಗ.
ಫೆಬ್ರವರಿಯಲ್ಲಿ ಸೊನ್ನೆ ಬರೆಯಲಿಕ್ಕೆ ಸಂಬಳವೇ
ಎಂದು ಐಸ್ ಪ್ಲಾಂಟಿನ ಜಯ ಕುಂದರ್ ನಗಾಡುತ್ತಾನೆ.

ಸೋಮವಾರ ಸೊನ್ನೆ. ಆದರೆ ಮಂಜು.
ದಕ್ಕೆಯಲ್ಲಿ ಬೋಟುಗಳಿಗೆ ಬುಡವೇ ಇಲ್ಲ,
ಬಾವುಟಗಳಷ್ಟೇ ಹಾಲಿನಲ್ಲಿ ತೇಲಿದ ಹಾಗೆ.
ಹತ್ತು ಗಂಟೆಗೆ ಬಿಸಿಲು, ಒಲೆಯ ಮೇಲಿಟ್ಟ ಕಾವಲಿ.
ಇರುಳಿಗೆ ಹೊದಿಕೆಯೋ ಫ್ಯಾನೋ ಎಂದು
ಗಂಡನಿಗೂ ನನಗೂ ಜಗಳ ತಂದಿಟ್ಟು
ಹವೆ ತಾನು ಕದ್ದು ಕುಳಿತಿತು.

ಮರುದಿನ ಕೆಡ್ಡಸ.
ಭೂಮಿ ಮುಟ್ಟಾಗಿ ಮಲಗುವ ಮೂರು ದಿನ
ಹಾರೆ ಮುಟ್ಟಬಾರದು, ಹಸಿರು ಕಡಿಯಬಾರದು.
ಅವತ್ತೇ ಯಾರದೋ ಕರು ಬೆನ್ನು ತುರಿಸಿಕೊಂಡು
ಮಳೆಮಾಪಕವನ್ನು ಕಡಲ ಕಡೆಗೆ ವಾಲಿಸಿ ಹೋಗಿತ್ತು.

ಗೇಣು ಅಗೆದು ಎರಡು ಕಲ್ಲು ಒತ್ತಿದ್ದರೆ ಸಾಕಿತ್ತು.
ಅತ್ತೆ ನನ್ನೆರಿಗೆ ಹುರುಳಿ ಹುರಿಯುತ್ತ ಅಂದರು:
"ಮೂರು ದಿನ ತಡಿ. ಅವಳ ಬೆನ್ನಿಗೆ ಹಾರೆ ಹಾಕಬೇಡ.
ಈಗ ಎಂತ ಮಳೆ ಬಂದು ಸುರಿಯುತ್ತದಾ?"
ಮಂಗಳೂರಿನಿಂದ ಸಾಲ್ದಾನ, ಫೋನಿನಲ್ಲಿ:
"ಕೂಡಲೇ ನೆಟ್ಟಗೆ ಮಾಡಿ."
ಇಬ್ಬರಿಗೂ ಆಯಿತು ಅಂದೆ.

ಗಾಳಿಯ ಕಾಲಮ್ಮಿನಲ್ಲಿ ಮೂಡಣ ಎಂದು ಬರೆದೆ,
ಶಾಯಿ ಆರುವ ಮೊದಲೇ ಬಡಗಣ.
ಹೊಡೆದು ಬರೆದೆ. ಆಮೇಲೆ
ಎಲೆಯೂ ಅಲ್ಲಾಡಲಿಲ್ಲ.

ಬುಧವಾರ ಮಧ್ಯಾಹ್ನ ಆಕಾಶ
ಕೆಸುವಿನ ಎಲೆಯ ಅಡಿಯ ಬಣ್ಣಕ್ಕೆ ತಿರುಗಿತು.
ಮಾವಿನ ಹೂವಿಗೆ ಹೆದರಿದವರು ಮಾವಿನ ಹೂ ನೋಡಿದರು,
ಗೇರಿನವರು ಗೇರು.
ದ್ವೀಪಕ್ಕೆ ಹೊರಟ ಪ್ರವಾಸಿಗಳು ಟೊಪ್ಪಿ ಹಿಡಿದುಕೊಂಡು
ಟಿಕೇಟಿನ ಹಣ ವಾಪಸು ಕೇಳಿದರು.
ಹೊಯಿಗೆಯ ಮೇಲೆ ಹರಿದ ಬಲೆ ಹಾಸಿ
ಬಾಗಿಯಕ್ಕ ಹನ್ನೊಂದು ಬುಟ್ಟಿ ಬೊಳೆಂಜಿರ್ ಹರಡಿದ್ದಳು.
ಮೂರು ಬಿಸಿಲು ಬೇಕು. ಎರಡು ಆಗಿತ್ತು.

ರಾತ್ರಿ ಯಾವ ಹೊತ್ತಿಗೋ
ಹಂಚಿನ ಮೇಲೆ ಯಾರೋ ಅಕ್ಕಿ ಎರಚಿದ ಸದ್ದು.
ಎದ್ದು ಹೊರಗೆ ಬಂದರೆ ನಿಂತಿತ್ತು.
ಅಂಗಳದ ಧೂಳಿನಲ್ಲಿ ಸಿಡುಬಿನಂಥ ಗುರುತು.
ದೂರ ಕಡಲ ಬದಿಯಲ್ಲಿ ಒಂದು ಟಾರ್ಚು ಓಡುತ್ತಿತ್ತು,
ಟಾರ್ಪಾಲು ಪಟಪಟ ಬಡಿಯುತ್ತಿತ್ತು.

ಬೆಳಗ್ಗೆ ಗಾಜಿನ ಅಳತೆಗೆ ಹೊಯ್ದರೆ
ತಳದಲ್ಲೊಂದು ಹೊಳಪು, ಮೊದಲ ಗೆರೆಗೂ ಮುಟ್ಟದ್ದು.
ಇಂಥದಕ್ಕೆ ನಿಯಮ ಉಂಟು:
ಸೊನ್ನೆ ಅಲ್ಲ, ಅಂಕಿಯೂ ಅಲ್ಲ,
ಲೇಶ ಎಂದು ಬರೆಯಬೇಕು.
ಬರೆದೆ.
ಮಳೆ ಬಂದದ್ದು ಗುಡ್ಡದ ಕಡೆಯಿಂದ,
ಮಾಪಕ ಬಾಯಿ ತೆರೆದದ್ದು ಕಡಲ ಕಡೆಗೆ.

ಒಂಬತ್ತಕ್ಕೆ ಬಾಗಿಯಕ್ಕ, ಸೆರಗಿನಲ್ಲಿ ಒಂದು ಹಿಡಿ ಮೀನು.
"ಎಷ್ಟು ಬಂತು ಮಾರಾಯ್ತಿ, ನಿನ್ನ ಪುಸ್ತಕದಲ್ಲಿ?"
ತಿರುಗಿಸಿ ತೋರಿಸಿದೆ. ಓದು ಬಾರದವಳು
ಬೆರಳಿಟ್ಟಳು. "ಎರಡೇ ಅಕ್ಷರ. ಎಂತ ಇದು?"
"ಅಳತೆಗೆ ಸಿಕ್ಕದಷ್ಟು ಅಂತ."
ಒಂದು ಬೊಳೆಂಜಿರ್ ಎತ್ತಿ ನನ್ನ ಮೂಗಿಗೆ ಹಿಡಿದಳು.
"ಇದಕ್ಕೆ ಸಿಕ್ಕಿದೆ."

ಸೊಸೈಟಿಗೆ ಕೊಡಲು ಒಂದು ಚೀಟಿ ಬೇಕಂತೆ.
ಎರಡೂವರೆ ಮಿಲಿಮೀಟರ್ ಬೀಳದೆ
ಅದು ಮಳೆಯ ದಿನವೇ ಅಲ್ಲ ಎಂದು ವಿವರಿಸಿದೆ.
ಮಾಪಕ ವಾಲಿದ್ದನ್ನು ಹೇಳಲಿಲ್ಲ.
ಅವಳು ಕೇಳಲೂ ಇಲ್ಲ, ಹೋಗುವಾಗ
ಅದರ ಕಡೆ ಒಮ್ಮೆ ಕುತ್ತಿಗೆ ಓರೆ ಮಾಡಿ ನೋಡಿದಳು
ಅಥವಾ ನನಗೆ ಹಾಗೆ ಕಂಡಿತು.

ಅಂದು ಅತ್ತೆ ತುಳಸಿಯ ಬುಡದಲ್ಲಿ
ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಸೀಗೆ ಇಟ್ಟು,
ಅವಳನ್ನು ಮೀಯಲು ಎಬ್ಬಿಸಿದರು.
ಶುಕ್ರವಾರ ನಾನು ಅಗೆದೆ.
ಮೇಲೆ ಒಂದು ಪದರ ಕಪ್ಪಗೆ, ಉಗುರಿನಷ್ಟು ದಪ್ಪ;
ಕೆಳಗೆ ಬರೀ ಒಣ ಹೊಯಿಗೆ.
ಮಿಂದವಳ ಗಂಟಲಿಗೂ ಇಳಿದಿರಲಿಲ್ಲ ಆ ಮಳೆ.
ಎರಡು ಕಲ್ಲು ಒತ್ತಿದೆ. ನೆಟ್ಟಗಾಯಿತು.
ಆಕಾಶ ತೊಳೆದಿಟ್ಟ ತಟ್ಟೆ, ಒಂದು ಮೋಡ ಇಲ್ಲ.

ಶನಿವಾರ ಮತ್ತೆ ಸಾಲ್ದಾನ.
"ಲೇಶ ಸರಿ. ಷರಾದಲ್ಲಿ ಎಂತದು ಇದು,
ಹನ್ನೊಂದು ಬುಟ್ಟಿ?"
"ಮೀನು ಸರ್."
ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳಿಸಿತು.
"ಅಲ್ಲೂ ಸೆಕೆಯಾ?" ಅಂದರು, ಸ್ವಲ್ಪ ಹೊತ್ತಿನ ಮೇಲೆ.