ಮೂಗಿನ ಭಾರ

ಹುಬ್ಬಳ್ಳಿಯಲ್ಲಿ ನೋಡಿದ್ದಕ್ಕೆ ಏಸಿ ಇತ್ತು,
ಬಟನ್ ಒತ್ತಿದರೆ ಹೊರಚಾಚುವ ಚಪ್ಪರವೂ.
ಬೆಲೆ ಕೇಳಿದ ವಿಠೋಬ ಚಹಾ ಕುಡಿಯದೆ ಎದ್ದ.
ಫೋಂಡಾದ್ದು ಮೊಟ್ಟೆಯಂಥ ಫೈಬರು, ಚೆಂದವೇ,
ಆದರೆ ನಿಂತರೆ ಅವನ ತಲೆ ತಾಗಿತು,
ಕೂತರೆ ನನ್ನ ಮೊಣಕಾಲು.

ನಾನು ಮೀನುಗಾರರ ಸೊಸೈಟಿಯಲ್ಲಿ ತೂಕ ಬರೆಯುವವಳು.
ಅಳೆಯದೆ ಯಾವುದನ್ನೂ ನಂಬಿ ಅಭ್ಯಾಸವಿಲ್ಲ.
ಬಟ್ಟೆ ಒಣಹಾಕುವ ಹಗ್ಗಕ್ಕೆ ಗಂಟು ಹಾಕಿ
ಮೊದಲು ಅಳೆದದ್ದು ಕೋಡಿಬಾಗದ ನಮ್ಮ ಓಣಿ:
ಪಕ್ಕದವರ ಕಾಂಪೌಂಡಿನಿಂದ ನಮ್ಮ ಬಾವಿಕಟ್ಟೆಗೆ
ಆರೂಕಾಲು ಅಡಿ.
ಅಷ್ಟೇ ನಮ್ಮ ಭಾಗ್ಯದ ಅಗಲ.

ಕಡೆಗೆ ಸಿಕ್ಕಿದ್ದು ಅರ್ಗಾದಲ್ಲಿ,
ಕಂತ್ರಾಟುದಾರನೊಬ್ಬನ ಶೆಡ್ಡಿನ ಹಿಂದೆ, ಹುಲ್ಲಿನೊಳಗೆ:
ಒಂದು ಅಚ್ಚು, ಎರಡು ಗಾಲಿ,
ಯಾವ ಕಾಲದಲ್ಲೋ ಕಂಪ್ರೆಸರು ಹೊತ್ತ ಚಾಸಿ.
ಮೇಲಿನ ಡಬ್ಬಿಯನ್ನು ದೋಣಿ ಕಟ್ಟುವ ಸಾವೆರ್ ಕಟ್ಟಿಕೊಟ್ಟ,
ಬೈತಖೋಲದಲ್ಲಿ, ಮಳೆಗಾಲಕ್ಕೆ ಟ್ರಾಲರುಗಳು ಕಟ್ಟಿ ನಿಂತಾಗ.
ಪ್ಲೈವುಡ್ಡಿನ ಮೇಲೆ ಫೈಬರು ಬಳಿದು ಹೇಳಿದ:
"ಇದು ತೇಲುತ್ತದೆ ಕೂಡ, ಬೇಕಾದರೆ ನೋಡಿ."
ನಾವು ನೋಡಲಿಲ್ಲ.

ಒಳಗೆ ಏನೇನು? ಅಲ್ಲಿಂದ ಜಗಳ.
ತನುಜಾಗೆ ಮೇಲಿನ ಮಂಚ, ಓಂಕಾರನಿಗೂ ಮೇಲಿನದೇ.
ಕೆಳಗಿನದು ಹಗಲು ಮೇಜು, ರಾತ್ರಿ ನನಗೂ ಆಯಿಗೂ ಹಾಸಿಗೆ.
ವಿಠೋಬನಿಗೆ ಹೊರಗೆ ಹಳೆ ಬಲೆಯ ತೂಗುಮಂಚ,
ಅವನೇ ಹೆಣೆದದ್ದು, ಅವನೇ ಬಿದ್ದದ್ದು.
ಐದು ಕಿಲೋದ ಗ್ಯಾಸು. ಹಿಂಬದಿಗೆ ನೀಲಿ ಡ್ರಮ್ಮು, ನೀರಿಗೆ.
ಕಿಟಕಿಗೆ ಗಾಜು ಬೇಡ, ಸೊಳ್ಳೆಜಾಲರಿ.
ತಿರುಪೆಲ್ಲ ಸ್ಟೀಲಿನವೇ ಆಗಬೇಕು ಎಂದು ಸಾವೆರನ ಹಟ:
ಈ ಗಾಳಿಗೆ ಕಬ್ಬಿಣ ಒಂದೇ ಮಳೆಗಾಲದಲ್ಲಿ
ಕೆಂಪಗೆ ಅಳುತ್ತದಂತೆ.

ಅಷ್ಟರಲ್ಲಿ ಆಯಿ, ಒರಳುಕಲ್ಲನ್ನು ಉರುಳಿಸುತ್ತ
ಅಂಗಳ ದಾಟಿ ಬಂದರು. ಸೆರಗು ಸೊಂಟಕ್ಕೆ.
"ಮಿಕ್ಸಿಯ ಮಸಾಲೆ ಮನೆಯಲ್ಲೇ ಉಣ್ಣದವಳು
ದಂಡೆಗೆ ಹೋಗಿ ಉಣ್ಣುತ್ತೇನೆಯೇ?"
ಇಪ್ಪತ್ತಾರು ಕಿಲೋ. ನಾನೇ ತೂಗಿದೆ.
ಇಷ್ಟು ತೂಕಕ್ಕೆ ಐವರ ಹಾಸಿಗೆ ಬರುತ್ತದೆ, ಆಯಿ, ಎಂದೆ.
ಅವರು ಎದುರು ಆಡಲಿಲ್ಲ.
ಮೂರು ದಿನ ಸಾರಿಗೆ ಉಪ್ಪು ಹೆಚ್ಚಿತ್ತು.

ಪರೀಕ್ಷೆಗೆಂದು ಸದಾಶಿವಗಡಕ್ಕೆ ಹೊರಟೆವು.
ಕಾಳಿ ಸೇತುವೆಯ ನಡುಮಧ್ಯೆ, ಐವತ್ತರ ವೇಗದಲ್ಲಿ,
ಬಾಲ ಆಡತೊಡಗಿತು ಹಿಂದಿನ ಡಬ್ಬಿ.
ಮೊದಲು ನಾಯಿಯ ಬಾಲದ ಹಾಗೆ,
ಆಮೇಲೆ ಮೊಸಳೆಯ ಹಾಗೆ.
ಹಿಂದಿನ ಲಾರಿ ಹಾರನ್ನು ಬಿಡಲೇ ಇಲ್ಲ.
ವಿಠೋಬ ಬ್ರೇಕು ಮುಟ್ಟದೆ ಕಾಲೆತ್ತಿದ, ಮೆಲ್ಲಗೆ,
ಬಲೆಯಿಂದ ಮುಳ್ಳಿನ ಮೀನು ಬಿಡಿಸುವವನ ಹಾಗೆ.
ಆಚೆ ದಡದಲ್ಲಿ ಬೊಲೆರೋ ನಿಂತಾಗ
ಅವನ ಅಂಗಿ ಹಿಂಡಿದರೆ ಒಂದು ಚೊಂಬು.

ದೋಣಿಗೆ ಮೂಗು ಹಗುರಿರಬೇಕು, ಇದಕ್ಕೆ ಭಾರ;
ಅಪ್ಪ ಕಲಿಸಿದ ಬುದ್ಧಿ ರಸ್ತೆಯಲ್ಲಿ ತಲೆಕೆಳಗು.
ಭಾನುವಾರ ಸೊಸೈಟಿಯ ತೂಕದ ಯಂತ್ರ ಮನೆಗೆ ಬಂತು,
ಮೀನಿನ ಹುರುಪೆ ಇನ್ನೂ ಅಂಟಿಕೊಂಡೇ.
ಕೊಂಡಿಯನ್ನು ಅದರ ಮೇಲೆ ಇಳಿಸಿದೆವು: ಹತ್ತೊಂಬತ್ತು.
ಡ್ರಮ್ಮನ್ನು ಅಚ್ಚಿನ ನೇರಕ್ಕೆ ತಂದೆವು: ಮೂವತ್ತು.
ಅಕ್ಕಿ, ಜಾಕು, ಗ್ಯಾಸು ಮುಂದಕ್ಕೆ: ಮೂವತ್ತೆಂಟು.
ಅರವತ್ತಾದರೂ ಬೇಕು.
ಇನ್ನೇನಿದೆ ಮನೆಯಲ್ಲಿ,
ಗಿಡ್ಡಗೆ, ಗಟ್ಟಿಯಾಗಿ,
ಇಟ್ಟಲ್ಲೇ ಇರುವಂಥದ್ದು?

ಆಯಿ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.
ವಿಠೋಬ ನನ್ನನ್ನು ನೋಡಿದ, ನಾನು ಯಂತ್ರವನ್ನು.
ಕೇಳಿದ್ದು ಓಂಕಾರ.
"ನಿಮ್ಮ ಹಾಸಿಗೆಗೆ ಜಾಗ ಕಮ್ಮಿಯಾದೀತು" ಎಂದರು ಆಯಿ,
ತಲೆ ಎತ್ತದೆ.

ಮಾಜಾಳಿಯಲ್ಲಿ ಎರಡು ರಾತ್ರಿ.
ಗಾಲಿಗೆ ಅಡ್ಡ ಕೊಡಲು ಮರೆತಿದ್ದೆವು, ತೆಂಗಿನ ಮೋಟು ಸಿಕ್ಕಿತು.
ದೀಪದ ವಯರು ಗಿಡ್ಡವಾಯಿತು. ಟಾರ್ಚು ಹಿಡಿದು ತನುಜಾ ನಿಂತಳು,
ಆಯಿ ಮರಳ ಮೇಲೆ ಕಾಲು ಚಾಚಿ
ಕೊಬ್ಬರಿ, ಕೆಂಪುಮೆಣಸು ಅರೆಯುತ್ತಿದ್ದರು, ಬಂಗಡೆಗೆ.
ಗುಂಡಿನ ಸದ್ದು, ಅಲೆಯ ಸದ್ದು,
ಒಂದಕ್ಕೊಂದು ತಾಳ ಕೂಡಲೇ ಇಲ್ಲ.

ಮರಳುವಾಗ ಸೇತುವೆ ಬಂತು.
ವಿಠೋಬ ಮುಂದೆ ನೋಡುತ್ತಿದ್ದ, ನಾನು ಮುಳ್ಳು: ನಲವತ್ತು, ನಲವತ್ತೈದು.
ಹಿಂದಿನದು ಅಲುಗಲಿಲ್ಲ.
ಆಯಿ ಮಾತ್ರ ತಮ್ಮ ಬದಿಯ ಕನ್ನಡಿಯನ್ನೇ ನೋಡುತ್ತಿದ್ದರು,
ಕಲ್ಲು ಜೊತೆಗೆ ಬರುತ್ತಿದೆಯೋ ಇಲ್ಲವೋ ಎಂದು.