ರೂವಾಲಾ ವಂಶಾವಳಿ

ಆಲೂ ಅಂದರೆ ಬಟಾಟೆಯಲ್ಲ ಮತ್ತೆ, ಎಂದು
ಮೊದಲ ದಿನವೇ ತಾನೇ ನಕ್ಕು ಮುಗಿಸಿದಳು ಮುದುಕಿ.
ದಾದರಿನ ಪಾರ್ಸಿ ಕಾಲನಿ, ಎರಡನೆಯ ಮಾಳಿಗೆ,
ಊಟದ ಮೇಜಿನ ತುಂಬ ಕೆಂಪು ಬಟ್ಟೆಯ ಚೋಪಡಿಗಳು,
ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ
ಮೇಲೊಂದು ಕರಿಕಲ್ಲು.

ನನಗೆ ಗುಜರಾತಿ ಅಕ್ಷರ ಬರುತ್ತದೆ. ಬಟ್ಟೆಯಂಗಡಿಯಲ್ಲಿ
ಮೂವತ್ತೊಂದು ವರ್ಷ ಥಾನು ಅಳೆದು, ಉದ್ರಿ ಬರೆದು
ಕೈಗೆ ಹತ್ತಿದ ಲಿಪಿ.
ಗಂಟೆಗೆ ಇಷ್ಟು, ಮೇಲೆ ಪುದೀನ ಹಾಕಿದ ಚಹಾ.
ಕೆಲಸ: ಅವಳ ಮಿಲ್ಲಿನ ಹಿರಿಯರನ್ನು
ಬಾವಿಯಿಂದ ಕೊಡ ಎತ್ತಿದಂತೆ ಎತ್ತುವುದು.

ಅವಳಪ್ಪ ಕೈಖುಶ್ರು. ಕುದುರೆಯ ಹುಚ್ಚು;
ಎರಡು ಸಾಲು ಮಗ್ಗ ರೇಸ್‌ಕೋರ್ಸಿನಲ್ಲಿ ಓಡಿಹೋದವು.
ಅವನಪ್ಪ ಏದುಲ್ಜಿ. ಲ್ಯಾಂಕಷೈರಿನ ಯಂತ್ರ ತರಿಸಿ
ಲಾಲ್‌ಬಾಗಿನಲ್ಲಿ ಚಿಮಣಿ ಎಬ್ಬಿಸಿ
ಬುಡಕ್ಕೆ ತೆಂಗಿನಕಾಯಿ ಒಡೆದವನು.
ಅವನಪ್ಪ ಹೋರ್ಮಸ್‌ಜಿ:
ಕೊಲಾಬಾದ ಬಯಲಲ್ಲಿ ಅರಳೆ ಬೆರಳಲ್ಲಿ ಹಿಂಜಿ
ಇದು ಭಡೋಚಿನದು, ಇದು ನಾಗಪುರದ್ದು
ಎನ್ನುತ್ತಿದ್ದನಂತೆ, ಕಣ್ಣು ಮುಚ್ಚಿ.

ಅವನ ಹಿಂದೆ?
ಅವನ ಹಿಂದೆ ಒಂದು ಹಡಗು. ಹೋಗುವಾಗ
'ಚೀನಾ ಮಾಲು, ಪೆಟ್ಟಿಗೆ ನೂರಾ ನಾಲ್ವತ್ತು',
ಬರುವಾಗ ಬೆಳ್ಳಿ.
ಪೆಟ್ಟಿಗೆಯಲ್ಲಿ ಏನೆಂದು ಬರೆದಿಲ್ಲ.
ಇಬ್ಬರಿಗೂ ಗೊತ್ತು. ಚಹಾ ಆರಿತು.
'ರೇಷ್ಮೆ ಅಂತ ಹಾಕು, ಡಿಕ್ರಾ.'
ರೇಷ್ಮೆ ಅಲ್ಲಿಂದ ಬರುವುದು, ಅಲ್ಲಿಗೆ ಹೋಗುವುದಲ್ಲ
ಎನ್ನಲು ಬಾಯಿ ಬರದೆ
ಪೆನ್ಸಿಲಿನಲ್ಲಿ ಬರೆದೆ, ಮೆಲ್ಲಗೆ.

ಮೂರನೆಯ ವಾರ, ಗೆದ್ದಲು ತಿಂದ ಪುಟವೊಂದರಲ್ಲಿ
ಒಮ್ಮೆಲೇ ನಮ್ಮ ಸೀಮೆ!
ಕುಮಟೆಯಿಂದ ಪತ್ತೇಮಾರಿಯಲ್ಲಿ ಬಂದದ್ದು,
ಧಾರವಾಡದ ಹತ್ತಿ, ಅಂಡಿಗೆ ಅರವತ್ತು.
ನೆಂಟರು ಸಿಕ್ಕಂತಾಗಿ ಮುಂದಿನ ಸಾಲಿಗೆ ಹೋದರೆ
'ಮಣ್ಣು ಬಹಳ. ಬೀಜ ಬಹಳ.
ಒಂದರೊಳಗೆ ಬೀಸುಕಲ್ಲಿನ ಚೂರು.
ಕಾನಡಿ ಕಳ್ಳರು.'

ನಮ್ಮ ಮುತ್ತಜ್ಜನ ಅಪ್ಪ ಅಣ್ಣಿಗೇರಿಯಲ್ಲಿ
ಅಂಡಿಗೆ ತುಳಿಯುವವನು. ಸೊಂಟದ ತನಕ ಹತ್ತಿಯೊಳಗಿಳಿದು
ಕಾಲಲ್ಲಿ ಒತ್ತಿ ಒತ್ತಿ ಮೇಲೆ ಬರುವ ಕೆಲಸ.
ಅವನ ಹೆಸರು ನನಗೆ ಗೊತ್ತಿಲ್ಲ.
ನಮ್ಮಲ್ಲಿ ವಂಶಾವಳಿ ಇಲ್ಲ, ಒಂದು ಮಾತಿದೆ:
ಸೇರಿಗೆ ಸೇರು ತೂಗಿದವ ಸೊರಗಿ ಸತ್ತ.
ಅಜ್ಜಿ ಅದನ್ನು ಯಾವ ಮುಖದಲ್ಲಿ ಹೇಳುತ್ತಿದ್ದಳೋ,
ನೆನಪಾಗುತ್ತಿಲ್ಲ.

ಬೈಗುಳ ಬಿಡದೆ ಪೂರಾ ಓದಿ ಹೇಳಿದೆ.
ಆಲೂ ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕಳು.
ಆಮೇಲೆ ಕರಿಕಲ್ಲನ್ನು ನನ್ನತ್ತ ಸರಿಸಿ,
'ಇದು ಮಿಲ್ಲಿನ ಆಫೀಸಿನಲ್ಲಿತ್ತು.
ಯಾಕೆ ಇಟ್ಟಿದ್ದರೋ. ಪಪ್ಪಾ ಬಿಸಾಡಲು ಬಿಡಲಿಲ್ಲ.'

ತಿರುಗಿಸಿ ನೋಡಿದೆ. ಒಂದು ಮೈ ನುಣುಪು,
ಇನ್ನೊಂದಕ್ಕೆ ಉಳಿಯ ಕಚ್ಚು, ಸಾಲು ಸಾಲು.
ಇರಬಹುದು. ಇರಲಿಕ್ಕಿಲ್ಲ.
ಕಲ್ಲಿಗೇನು, ಎಲ್ಲಿಯದಾದರೂ ಕಲ್ಲೇ.

ಆಲೂವಿನ ಹೆಸರಿನ ಕೆಳಗೆ ಬರೆಯಲು ಯಾರೂ ಇಲ್ಲ.
'ರಬ್ಬರು ಇದೆಯಾ?' ಎಂದಳು.
ರೇಷ್ಮೆಯನ್ನು ತಾನೇ ಅಳಿಸಿದಳು, ಊದಿದಳು.
ಬೇರೇನೂ ಬರೆಸಲಿಲ್ಲ.
ಫ್ಯಾನು ತಿರುಗುತ್ತಿತ್ತು. ಆ ಖಾಲಿ ಜಾಗದ ಮೇಲೆ
ಕಲ್ಲು ಇಟ್ಟಳು.